ಮೊದಲ ಕ್ಲಿಕ್

“ಇಡೀ ಕ್ಲಾಸಲ್ಲಿ ಗೆಳತಿನ ಬಿಟ್ಟು ಓಡಿರೋದು ಒಬ್ಬರೇ,” ಎಂದರು ಮಿಸ್, ರಿಪೋರ್ಟನ್ನು ಎಲ್ಲರ ಪರದೆಯಲ್ಲೂ ತೋರಿಸುತ್ತಾ.

ಅಲ್ಲಿ ಕೆಂಪಗಿದ್ದದ್ದು ಎಲ್ಲರೂ ಚೂಟಿ ಎಂದು ಕರೆಯುವ ಹುಡುಗಿಯ ಹೆಸರು. ಚೂಟಿಯ ಮುಖ ಸಣ್ಣಗಾಯಿತು.

ಸಂಜೆಯ ಆನ್‌ಲೈನ್ ಕ್ಲಾಸಿನಲ್ಲಿ ಪಾಠವೆಂದರೆ ಕತೆ. ಈ ಸಲದ ಕತೆಯಲ್ಲಿ ಇಬ್ಬರು ಗೆಳತಿಯರು ಬಸ್ಸಿಗೆ ಹೊರಟಿರುತ್ತಾರೆ. ಒಬ್ಬಳು ಎಡವಿ ಬೀಳುತ್ತಾಳೆ. ಬಸ್ಸು ಹೊರಡುವುದರಲ್ಲಿದೆ. ‘ಜೊತೆಗೆ ನಿಲ್ಲುವೆ’, ‘ಬಿಟ್ಟು ಓಡುವೆ’ ಎಂದು ಎರಡು ಬಟನ್. ಒತ್ತಿದ್ದಕ್ಕೆ ತಕ್ಕಂತೆ ಕತೆ ಮುಂದೆ ಸಾಗುತ್ತದೆ.

ಒಳ್ಳೆಯದನ್ನು ಒತ್ತಿದರೆ ‘ಶಭಾಷ್’ ಎಂದು ಕತೆ ಮುಗಿದೇ ಹೋಗುತ್ತದೆ. ಮಜವೆಲ್ಲ ಇರುವುದು ತಪ್ಪು ದಾರಿಯಲ್ಲಿ. ಅದಕ್ಕೇ ಚೂಟಿ ಯಾವಾಗಲೂ ಮೊದಲು ತಪ್ಪನ್ನೇ ಒತ್ತಿ, ಕತೆಯೆಲ್ಲ ಓದಿ, ಆಮೇಲೆ ಹಿಂದೆ ಬಂದು ಸರಿಯಾದುದನ್ನು ಒತ್ತುತ್ತಿದ್ದಳು. ರಿಪೋರ್ಟಿನಲ್ಲಿ ಮೊದಲ ಕ್ಲಿಕ್ ಮಾತ್ರ ಉಳಿಯುತ್ತದೆ ಎಂದು ಅವಳಿಗೇನು ಗೊತ್ತು?

ಮಿಸ್ ಏನಾದರೂ ಅಂದುಕೊಳ್ಳಲಿ. ಆದರೆ ಪರದೆಯ ಮೂಲೆಯಲ್ಲಿ ಎದುರುಮನೆಯ ಗೆಳತಿ ಇದ್ದಳು. ಅವಳು ಒಂದು ಕಾಲು ಎಳೆದು ನಡೆಯುವವಳು. ಚೂಟಿ ನೋಡುತ್ತಿದ್ದಂತೆ ಅವಳ ಕ್ಯಾಮೆರಾ ಆಫ್ ಆಯಿತು.

ಕ್ಲಾಸು ಮುಗಿದದ್ದೇ ತಡ, ಚೂಟಿ ಎದುರುಮನೆಗೆ ಓಡಿದಳು. ಗೆಳತಿ ಬಾಗಿಲು ಅರ್ಧ ತೆಗೆದಳು. ಒಳಗೆ ಬಾ ಎನ್ನಲಿಲ್ಲ.

“ಏನಾಗುತ್ತೆ ನೋಡೋಣ ಅಂತ ಒತ್ತಿದ್ದು ಕಣೇ. ಅದು ಬರೀ ಕತೆ.”

“ಮೊನ್ನೆ ಸ್ಕೂಲಿಗೆ ಹೋಗ್ತಾ ನನ್ನ ಬಿಟ್ಟು ಓಡಿಹೋಗಿ ಬಸ್ ಹತ್ತಿದ್ಯಲ್ಲ,” ಗೆಳತಿ ಮೆಲ್ಲಗೆ ಕೇಳಿದಳು, “ಅದೂ ಏನಾಗುತ್ತೆ ನೋಡೋಕಾ?”

ಅವತ್ತು ಚೂಟಿ ಬಸ್ಸಿನ ಕಿಟಕಿಯಿಂದ ಕೈ ಬೀಸಿದ್ದಳು. ಗೆಳತಿಯೂ ನಕ್ಕು ಕೈ ಬೀಸಿದ್ದಳು. ಅದು ಅಲ್ಲಿಗೇ ಮುಗಿಯಿತು ಎಂದು ಚೂಟಿ ಅಂದುಕೊಂಡಿದ್ದಳು.

ಮನೆಗೆ ಬಂದು ಪಾಠವನ್ನು ಮತ್ತೆ ತೆರೆದು ‘ಜೊತೆಗೆ ನಿಲ್ಲುವೆ’ ಒತ್ತಿದಳು. ಅಟ್ಟ ಮೇಲೆ ಒಲೆ ಉರಿದ ಹಾಗೆ ಪರದೆ ತುಂಬ ನಕ್ಷತ್ರಗಳು ಮಿನುಗಿದವು. ಅವುಗಳನ್ನು ಕಂಡು ಅವಳಿಗೆ ಸಿಟ್ಟೇ ಬಂತು.

ಬೆಳಿಗ್ಗೆ ಬಸ್ಸು ಬಂದರೂ ಚೂಟಿ ಹತ್ತಲಿಲ್ಲ. ಕಂಡಕ್ಟರ್ ಎರಡು ಸಲ ಕರೆದು, ಸೀಟಿ ಊದಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಗೆಳತಿ ಬಂದಳು, ಅಪ್ಪನ ಸ್ಕೂಟರಿನ ಹಿಂದೆ ಕೂತು. ಈ ಕಡೆ ತಿರುಗಿ ನೋಡದೆ ಹಾಗೇ ಹೋದಳು.

ಬೀಸಲು ಎತ್ತಿದ್ದ ಕೈಯನ್ನು ಚೂಟಿ ಇಳಿಸಿದಳು. ಬಸ್ ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೊನ್ನೆ ಒಬ್ಬಳೇ ಉಳಿದ ಗೆಳತಿ ಇಲ್ಲಿ ಹೇಗೆ ನಕ್ಕಳೋ, ಅದು ಚೂಟಿಗೆ ತಿಳಿಯಲಿಲ್ಲ.