ಮಾರಾಟಕ್ಕಿಲ್ಲ ಎಂದ ಗೋಡೆ

ಇಯಾ ದುರೋ ತನ್ನ ಸ್ವಂತ ಮನೆಯನ್ನು ಮಾರಲು ಹೊರಟಿದ್ದಳು. ಯಾರೋ ಅದರ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಈ ಮನೆ ಮಾರಾಟಕ್ಕಿಲ್ಲ’ ಎಂದು ಬರೆದರು.

ದೂರು ಇಬಾದಾನ್ ನಗರದ ಓಕೆ-ಇರೋಕೋ ಠಾಣೆಗೆ ತಲುಪಿದ್ದು ಮಾರ್ಚ್ ನಾಲ್ಕರ ಮಂಗಳವಾರ ಬೆಳಿಗ್ಗೆ. ಹೇಳಿಕೆ ಬರೆಯುವ ಕಾಗದವನ್ನು ಎದುರಂಗಡಿಯಿಂದ ದೂರುದಾರಳೇ ಕೊಂಡು ತಂದಳು. ಆ ಠಾಣೆಯಲ್ಲಿ ವಸ್ತು ಕಳಕೊಂಡವರೂ ಕಾಗದ ಕೊಳ್ಳಬೇಕು, ಏಟು ತಿಂದವರೂ ಕೊಳ್ಳಬೇಕು. ಇನ್ಸ್‌ಪೆಕ್ಟರ್ ಮೊರೊಲಾಕೆ ಒಡೆಜೈಮಿ ಆ ಕಾಗದ ಕಂಡಾಗಲೆಲ್ಲ ಒಂದು ಕ್ಷಣ ತಲೆ ತಗ್ಗಿಸುತ್ತಿದ್ದಳು. ಅಂದೂ ತಗ್ಗಿಸಿ, ಬರೆಯತೊಡಗಿದಳು.

ಇಯಾ ದುರೋಳಿಗೆ ಅರವತ್ತು ದಾಟಿತ್ತು. ಯಾಮ್ ಗೆಡ್ಡೆಯ ಹಿಟ್ಟು ಮಾರುವವಳು. ದುರೋ ಎಂಬುದು ಮಗನ ಹೆಸರು. ಅವನು ಹುಟ್ಟಿದ ದಿನದಿಂದ ಬೀದಿಗೆ ಆಕೆ ದುರೋನ ತಾಯಿ, ಇಯಾ ದುರೋ. ಮನೆ ಮಾರಿ ಬಂದ ಹಣದಲ್ಲಿ ಹಿಟ್ಟಿನ ಗಿರಣಿಯೊಂದನ್ನು ಕೊಳ್ಳಲು ಮಾತಾಡಿದ್ದಳು. ಗಿರಣಿಯವನು ಶುಕ್ರವಾರದ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಏಜೆಂಟರ ಬಳಿ ಹೋಗದೆ ಮಗನ ಕೈಯಲ್ಲಿ ಮನೆಯ ಫೋಟೋ ತೆಗೆಸಿ, ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿಸಿದ್ದಳು. ಮೊದಲು ಬಂದ ಗಿರಾಕಿ ಮನೆ ಮೆಚ್ಚಿ ಹೋಗಿ, ಎರಡನೇ ಸಲ ಹೆಂಡತಿಯನ್ನು ಕರೆತಂದಾಗ ಗೋಡೆ ಓದಿ ಬೈಕು ಇಳಿಯದೆಯೇ ಹಿಂದಿರುಗಿದ. ಈಕೆ ಸೀಮೆಎಣ್ಣೆ ಹಾಕಿ ಅಕ್ಷರಗಳನ್ನು ಉಜ್ಜಿದಳು. ಇಂದು ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಬರಹ. ಎರಡನೇ ಗಿರಾಕಿ ಒಬ್ಬ ಪಶುವೈದ್ಯ. ಅವನು ವಕೀಲನೊಂದಿಗೆ ಬರುವುದು ಶುಕ್ರವಾರ.

“ಏಜೆಂಟರ ಹತ್ರ ಯಾಕೆ ಹೋಗಲಿಲ್ಲ?”

“ಹತ್ತು ಪರ್ಸೆಂಟ್ ಕೇಳ್ತಾರೆ ಮಗಳೇ. ಆ ಹತ್ತು ಪರ್ಸೆಂಟ್ ಅಂದ್ರೆ ನನ್ನ ಗಿರಣಿ ಇಂಜಿನ್ನು. ಇಂಜಿನ್ ಅವರಿಗೆ ಕೊಟ್ಟು ನಾನು ಕೈಯಲ್ಲಿ ತಿರುಗಿಸ್ಲಾ?”

“ಯಾರ ಮೇಲಾದ್ರೂ ಅನುಮಾನ?”

“ಮೈದುನ. ಗಂಡನ ಕಡೆಯೋರು ಇಂಥದ್ದಕ್ಕೇ ತಾನೇ ಹುಟ್ಟೋದು.”

ಠಾಣೆಯ ಜೀಪಿಗೆ ಪೆಟ್ರೋಲು ಹಾಕಿಸುವ ಬಾಬ್ತೂ ದೂರುದಾರರದೇ. ಒಡೆಜೈಮಿ ಅದನ್ನು ಕೇಳಲಿಲ್ಲ. ಕಾನ್‌ಸ್ಟೆಬಲ್ ಎಫಿಯಾಂಗ್‌ನನ್ನು ಕರೆದುಕೊಂಡು ನಡೆದೇ ಹೊರಟಳು.

ಪಕ್ಕದ ಟೈಲರ್ ಮತ್ತು ಅಕಾರಾ ಎಂಬ ಕಾಳಿನ ವಡೆ ಕರಿಯುವ ಹೆಂಗಸನ್ನು ಸಾಕ್ಷಿಗಳಾಗಿ ನಿಲ್ಲಿಸಿಕೊಂಡು ಗೋಡೆಯ ಮುಂದೆ ಪಂಚನಾಮೆ ನಡೆಸಿದರು. ಬರಹ ಮೂರು ಸಾಲು: ಈ ಮನೆ ಮಾರಾಟಕ್ಕಿಲ್ಲ. ಮೋಸಗಾರರಿದ್ದಾರೆ, ಎಚ್ಚರಿಕೆ. ಕುಟುಂಬದ ಅಪ್ಪಣೆ. ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಟೈಲರ್ ಏನನ್ನೂ ನೋಡಿರಲಿಲ್ಲ. ಅಕಾರಾ ಹೆಂಗಸು ನೋಡಿದ್ದಳೋ ಏನೋ, ಹೇಳಲಿಲ್ಲ.

ಮೈದುನ ದೂರದ ಇಲೋರಿನ್ ಪಟ್ಟಣದಲ್ಲಿದ್ದ. ಅಲ್ಲಿನ ಠಾಣೆಯವರು ಹೋಗಿ ನೋಡಿದಾಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ಎರಡು ವಾರದಿಂದ ಹೊಸಿಲು ದಾಟಿರಲಿಲ್ಲ. ಬುಧವಾರ ಫೋನಿಗೆ ಸಿಕ್ಕವನು ನಕ್ಕುಬಿಟ್ಟ. ಯಾವ ಕುಟುಂಬ, ಮೇಡಂ, ಎಂದು ಕೇಳಿದ. ಅತ್ತಿಗೆ ತಲೆ ಮೇಲೆ ಹಿಟ್ಟು ಹೊತ್ತು ಆ ಜಾಗ ಕೊಂಡಾಗ ನಮ್ಮಣ್ಣ ಮರದಡಿ ಚದುರಂಗ ಆಡುತ್ತಿದ್ದ, ಅವಳ ಮನೆಯನ್ನು ಅವಳು ಮಾರಿದರೆ ನನಗೇನು ಹೊಟ್ಟೆನೋವು ಎಂದ.

ಗುರುವಾರ ಬೆಳಿಗ್ಗೆ ಒಡೆಜೈಮಿ, ಎಫಿಯಾಂಗ್ ಇಬ್ಬರೂ ಮತ್ತೆ ಇಯಾ ದುರೋಳ ಬೀದಿಯಲ್ಲಿ ನಡೆದರು. ಇಬಾದಾನ್‌ನಲ್ಲಿ ಗೋಡೆ ಬರಹ ಹೊಸದಲ್ಲ. ಮನೆಯವರು ಊರಿಗೆ ಹೋಗಿ ಬರುವಷ್ಟರಲ್ಲಿ ಇನ್ಯಾರೋ ಮನೆ ಮಾರಿ ದುಡ್ಡು ಎಣಿಸಿಕೊಂಡಿರುತ್ತಾರೆ. ಹಾಗಾಗಿ ಬಡವರು ಬಲ್ಲಿದರೆನ್ನದೆ ಎಲ್ಲರೂ ಬರೆಸುತ್ತಾರೆ. ಒಡೆಜೈಮಿ ಒಂದೊಂದೇ ಗೋಡೆಯನ್ನು ಗಟ್ಟಿಯಾಗಿ ಓದುತ್ತ ಹೋದಳು. ಮಸೀದಿ ಪಕ್ಕದ ಮನೆ, ಹಲ್ಲಿನ ಡಾಕ್ಟರ ಮನೆ, ಬಾಗಿಲೇ ಇಲ್ಲದೆ ಅರ್ಧಕ್ಕೆ ನಿಂತ ಮನೆ. ನಾಲ್ಕನೆಯ ಗೋಡೆಯ ಮುಂದೆ ನಿಂತುಬಿಟ್ಟಳು.

“ಎಫಿಯಾಂಗ್, ನಿಮ್ಮಪ್ಪನ ಮನೆ ಗೋಡೆ ಮೇಲೆ ಏನು ಬರೆಸಿದಾರೆ?”

“ಇದೇ ಮೇಡಂ. ಮಾರಾಟಕ್ಕಿಲ್ಲ, ಮೋಸಗಾರರಿದ್ದಾರೆ, ಏಜೆಂಟರು ಈ ಕಡೆ ತಲೆ ಹಾಕಬಾರದು. ಕೊನೇ ಸಾಲನ್ನ ಅಪ್ಪ ದಪ್ಪ ಅಕ್ಷರದಲ್ಲಿ ಬರೆಸಿದಾರೆ.”

ಎಲ್ಲ ಗೋಡೆಗಳ ಮೇಲೂ ಆ ಸಾಲಿತ್ತು. ಒಂದು ಕಡೆ ಏಜೆಂಟರಿಗೆ ನಾಯಿ ಬಿಡಲಾಗುವುದು ಎಂದೂ ಇತ್ತು. ಇಯಾ ದುರೋಳ ಗೋಡೆಯ ಮೇಲೆ ಮಾತ್ರ ಏಜೆಂಟರ ಸುದ್ದಿಯೇ ಇರಲಿಲ್ಲ.

ಬೀದಿಯ ಮೂಲೆಯಲ್ಲಿ ಏಜೆಂಟರ ಸಂಘದ ಹಲಗೆ ಶೆಡ್ಡು. ಬೀದಿಗೆ ಹೊಸಬರಾದವರೆಲ್ಲ ಅಲ್ಲಿ ದಾರಿ ಕೇಳಿಯೇ ಮುಂದೆ ಹೋಗಬೇಕು; ಇಯಾ ದುರೋಳ ಗಿರಾಕಿಗಳೂ ಅಲ್ಲೇ ಕೇಳಿದ್ದರು. ಬೆಂಚಿನ ಮೇಲೆ ಏಜೆಂಟ್ ಒಲಗೊಕೆ ಒಬ್ಬನೇ ಕೂತಿದ್ದ. ಐವತ್ತರ ಆಸುಪಾಸಿನವನು, ಇಸ್ತ್ರಿ ಹಾಕಿದ ಅಂಗಿ, ಹಿಮ್ಮಡಿ ಸವೆದ ಚಪ್ಪಲಿ.

“ಇಯಾ ದುರೋ ಮನೆ ಮಾರ್ತಿರೋದು ಗೊತ್ತಿತ್ತಾ?”

“ಬೀದಿಗೆಲ್ಲ ಗೊತ್ತು. ಈಗ ಫೋನಿದ್ದೋರೆಲ್ಲ ಏಜೆಂಟರೇ ಮೇಡಂ, ನಾವು ಬೆಂಚು ಕಾಯೋರು.”

“ನಿಮ್ಮ ಮನೆ ಗೋಡೆಗೆ ಏನಂತ ಬರೆಸ್ತೀರಿ?”

“ನನಗೆಲ್ಲಿ ಮನೆ?”

“ಇದೆ ಅಂದ್ಕೊಳ್ಳಿ.”

ಒಲಗೊಕೆ ಮೂರು ಸಾಲು ಹೇಳಿದ, ಅದೇ ಮಾತು, ಅದೇ ಕ್ರಮದಲ್ಲಿ. ಎಫಿಯಾಂಗ್ ಬರೆದುಕೊಂಡ.

“ಮುಗೀತಾ?”

“ಮುಗೀತು.”

“ಏಜೆಂಟರು ತಲೆ ಹಾಕಬಾರದು ಅಂತ ಇನ್ನೊಂದು ಸಾಲಿರುತ್ತಲ್ಲ?”

“ಅದನ್ನ ನಾನ್ಯಾಕೆ ಬರೀಲಿ ಮೇಡಂ? ನಾನೇನು ಕಳ್ಳನಾ?”

“ಬರೀಲಿಲ್ಲ. ಅದಕ್ಕೇ ಬಂದೆ.”

ಅವನು ಓಡಲಿಲ್ಲ. ಚಪ್ಪಲಿಯ ಪಟ್ಟಿಗೆ ಅಂಟಿದ್ದ ಕೆಂಪು ಚುಕ್ಕಿಯನ್ನು ಇನ್ನೊಂದು ಪಾದದಿಂದ ಮುಚ್ಚಿದ, ಅಷ್ಟೇ. ಬೆಂಚಿನ ಹಿಂದೆ ಬಣ್ಣದ ಡಬ್ಬಿಯೂ ಕುಂಚವೂ ಸಿಕ್ಕವು. ಈ ಸಲ ಅಕಾರಾ ಹೆಂಗಸು ತಾನಾಗಿಯೇ ಬಂದು ಜಪ್ತಿ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು. ಹನ್ನೊಂದೂವರೆಗೆ ಬಂಧನ.

ಠಾಣೆಯಲ್ಲಿ ಒಲಗೊಕೆ ಮುಚ್ಚಿಡದೆ ಹೇಳಿದ. ಹತ್ತೊಂಬತ್ತು ವರ್ಷ ಊರಿಗೆಲ್ಲ ಮನೆ ತೋರಿಸಿದವನು ತಾನು ಒಂದೇ ಕೋಣೆಯಲ್ಲಿ ಐದು ಜನರೊಂದಿಗೆ ಮಲಗುತ್ತಿದ್ದ. ಬಂದ ಕಮಿಷನ್ನಿನ ಅರ್ಧ ಸಂಘದ ಅಧ್ಯಕ್ಷನಿಗೆ. ಈ ವರ್ಷ ಬೀದಿಯಲ್ಲಿ ಮೂವರು ಫೋನಿನಲ್ಲೇ ಮನೆ ಮಾರಿಕೊಂಡಿದ್ದರು. ಒಬ್ಬ ಮುದುಕಿ ಗೆದ್ದರೆ ನಾಳೆ ಇಡೀ ಬೀದಿ ನಮ್ಮನ್ನು ಬಿಟ್ಟು ತಾನೇ ಮಾರಿಕೊಳ್ಳುತ್ತದೆ, ಅವಳ ಗೋಡೆ ನೋಡಿಕೋ, ಇಲ್ಲವೇ ಬೆಂಚು ಬಿಡು ಎಂದು ಡಬ್ಬಿ ಕೊಟ್ಟವನು ಅಧ್ಯಕ್ಷ. ಮುದುಕಿಯ ಮೇಲೆ ತನಗೆ ಸಿಟ್ಟಿರಲಿಲ್ಲ ಎಂದ. ಆಕೆ ಉಜ್ಜುವಾಗ ಮೂಲೆಯಲ್ಲಿ ನಿಂತು ನೋಡಿದ್ದನಂತೆ. ಅಂದು ಊಟ ಸೇರಲಿಲ್ಲವಂತೆ. ಆದರೂ ಮತ್ತೆ ಬರೆದ. ಬೆಂಚು ಹೋದರೆ ಆ ಕೋಣೆಯೂ ಹೋಗುತ್ತಿತ್ತು.

ಒಡೆಜೈಮಿ ಹೇಳಿಕೆಯಲ್ಲಿ ಅಧ್ಯಕ್ಷನ ಹೆಸರನ್ನು ಬರೆದಳು. ಸಂಜೆಯಾಗುವ ಮೊದಲೇ ಠಾಣಾಧಿಕಾರಿಯಿಂದ ಕರೆ ಬಂತು. ಇಯಾ ದುರೋಳನ್ನೂ ಕರೆಸಲಾಗಿತ್ತು. ಠಾಣಾಧಿಕಾರಿಯ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಬುಡದಲ್ಲಿ ‘ಕೊಡುಗೆ: ಏಜೆಂಟರ ಸಂಘ’ ಎಂದಿತ್ತು.

ಠಾಣಾಧಿಕಾರಿ ಬಹಳ ನಯವಾಗಿ ಮಾತಾಡಿದ. ಬಡ ಏಜೆಂಟನಿಗೂ ಮಕ್ಕಳಿದ್ದಾರೆ ಎಂದ. ಬಡ ಏಜೆಂಟನ ಅರ್ಧ ನುಂಗುವವನ ಬಗ್ಗೆ ಏನೂ ಹೇಳಲಿಲ್ಲ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಹತ್ತನ್ನು ಐದಕ್ಕೆ ಇಳಿಸಿದ್ದಾರೆ. ಅಮ್ಮ ಆ ಐದು ಪರ್ಸೆಂಟ್ ಕೊಟ್ಟು ದೂರು ವಾಪಸ್ ಪಡೆದರೆ ನಾಳೆ ಮಾರಾಟ ಸಲೀಸು ಎಂದ.

“ಅರ್ಧ ಇಂಜಿನ್ ಓಡುತ್ತಾ ಸಾಹೇಬ್ರೇ?” ಎಂದಳು ಇಯಾ ದುರೋ. “ನಾ ಸಹಿ ಹಾಕಲ್ಲ.”

ಠಾಣಾಧಿಕಾರಿ ಆಕೆಯ ಕಡೆ ಮತ್ತೆ ನೋಡಲಿಲ್ಲ.

“ಇನ್ಸ್‌ಪೆಕ್ಟರ್, ಬರ್ಕೊಳ್ಳಿ. ಈ ಮನೆ ಮೇಲೆ ಕುಟುಂಬದ ತಗಾದೆ ಇದೆ, ಇತ್ಯರ್ಥ ಆಗೋವರೆಗೆ ಮಾರೋ ಹಾಗಿಲ್ಲ. ಬೆಳಿಗ್ಗೆ ವಕೀಲ ಬಂದ್ರೆ ಅದನ್ನ ತೋರಿಸಿ.”

ಗೋಡೆಯ ಮೇಲಿದ್ದುದನ್ನೇ ಈಗ ಸರ್ಕಾರದ ಮೊಹರು ಹಾಕಿ ಬರೆಯಬೇಕಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುವ ಬಣ್ಣವಲ್ಲ ಅದು. ಒಡೆಜೈಮಿ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡಳು.

“ತಗಾದೆ ಇಲ್ಲ ಸರ್. ನಾನು ಬರೆಯಲ್ಲ.”

“ಇದು ಆರ್ಡರ್.”

“ಗೊತ್ತು ಸರ್. ಬೇಕಿದ್ರೆ ನೀವೇ ಬರೀರಿ. ಕಾಗದ ಮಾತ್ರ ಎದುರಂಗಡೀಲಿ ಕೊಂಡ್ಕೋಬೇಕು.”