ಉದುರಿದ ಒಂದು ರೂಪಾಯಿ

‘ಹುಡುಕು’ ಎಂದು ಒತ್ತಿದ ಕೂಡಲೇ ಗೋಡೆಯಗಲದ ಪರದೆಯ ಮೇಲೆ ತಲುಪದ ಮಾತುಗಳು ಒಂದೊಂದಾಗಿ ಏಳತೊಡಗಿದವು. ‘ಪುಟ್ಟಿಯ ಫೀ.’ ‘ಅಪ್ಪನ ಔಷಧಿಗೆ.’ ‘ತಪ್ಪಾಯ್ತು, ಇದನ್ನಾದರೂ ತಗೋ.’ ಯಾರೋ ಯಾರಿಗೋ ಹಣ ಕಳಿಸುವಾಗ ಜೊತೆಗೆ ಬರೆದ ಸಾಲುಗಳಿವು. ಪಡೆಯುವವರ ಖಾತೆ ಮುಚ್ಚಿದ್ದರಿಂದ ಹಣವೇನೋ ಕಳಿಸಿದವರಿಗೆ ಮರಳಿತ್ತು. ಮಾತುಗಳು ಮಾತ್ರ ಯಾರೂ ಓದದೆ ಬ್ಯಾಂಕುಗಳ ಹಳೆಯ ಯಂತ್ರಗಳಲ್ಲಿ ಬಿದ್ದುಕೊಂಡಿದ್ದವು. ಅವುಗಳ ನಿದ್ದೆ ಕೆಡಿಸಿದವಳು ನೀಲಾಂಬಿಕಾ.

ಇಸವಿ ೨೦೬೮. ಹುಬ್ಬಳ್ಳಿಯ ಪಾವತಿ ಸಂಶೋಧನಾ ಕೇಂದ್ರದಲ್ಲಿ ಅವಳು ಕಟ್ಟಿದ ಈ ಹುಡುಕುಯಂತ್ರದ ಹೆಸರು ‘ಮರುದನಿ’. ಬ್ಯಾಂಕುಗಳು ಒಂದಕ್ಕೊಂದು ಕಳಿಸುವ ಸಂದೇಶ ಅಡುಗೆಮನೆಯ ಒಗ್ಗರಣೆ ಡಬ್ಬಿಯ ಹಾಗೆ: ಯಾರಿಂದ, ಯಾರಿಗೆ, ಎಷ್ಟು, ಯಾವಾಗ, ಯಾತಕ್ಕೆ, ಒಂದೊಂದಕ್ಕೂ ಅದರದೇ ಖಾನೆ. ಪುಸ್ತಕದ ಕೊನೆಯ ಪದಸೂಚಿ ಯಾವ ಪದ ಯಾವ ಪುಟದಲ್ಲಿದೆ ಎಂದು ಹೇಳುವಂತೆ, ಮರುದನಿ ಪ್ರತಿ ಖಾನೆಗೂ ಸೂಚಿ ಬರೆದಿಟ್ಟು, ಕೋಟಿಗಟ್ಟಲೆ ಸಂದೇಶಗಳಲ್ಲಿ ಬೇಕಾದ್ದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿಕೊಡುತ್ತಿತ್ತು. ಒಬ್ಬರೇ ಮತ್ತೆ ಮತ್ತೆ ಕಳಿಸಿದ್ದನ್ನು ಒಟ್ಟುಗೂಡಿಸಿಯೂ ಕೊಡುತ್ತಿತ್ತು. ಮೊದಮೊದಲು ಇಲ್ಲೊಂದು ತಕರಾರು ಎದ್ದಿತ್ತು. ಹಬ್ಬ-ಮದುವೆಗೆ ಕೊಡುವ ಒಂದೇ ಮುಯ್ಯಿಯನ್ನು ಜನ ಒಮ್ಮೆ ಐನೂರು, ಒಮ್ಮೆ ಐನೂರೊಂದು ಎಂದು ಕಳಿಸಿದರೆ ಯಂತ್ರ ಎರಡೂ ಬೇರೆ ಎಂದು ಹಟ ಹಿಡಿಯುತ್ತಿತ್ತು. ಆ ಒಂದು ಶುಭಕ್ಕಷ್ಟೇ ಎಂಬುದು ಅದಕ್ಕೇನು ಗೊತ್ತು? ‘ಕೊನೆಯ ಒಂದನ್ನು ಬಿಟ್ಟುಬಿಡು’ ಎಂದು ನೀಲಾಂಬಿಕಾ ನಿಯಮ ಬರೆದಳು. ಆಮೇಲೆ ಯಂತ್ರ ತೆಪ್ಪಗಾಯಿತು, ಅವಳೂ ಅದನ್ನು ಮರೆತಳು.

ಕಾಣೆಯಾದವರ ಮನೆಯವರಿಗೆ ಮಾತ್ರ ಸರ್ಕಾರ ಹುಡುಕಲು ಅನುಮತಿ ಕೊಡುತ್ತಿತ್ತು. ಈ ಮಧ್ಯಾಹ್ನ ಅನುಮತಿ ಅವಳ ಹೆಸರಿಗೇ ಬಂದಿತ್ತು. ಅಣ್ಣ ಚನ್ನವೀರ ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟು ಹೋಗಿ ಯಾವ ಕಾಲವಾಯಿತೋ. ಈಗ ಮಗಳು ಇಂಚರಾಳ ಮದುವೆ. ಸೋದರಮಾವನ ಜಾಗ ಖಾಲಿ.

“ಅವ್ವಾ, ಕಾರ್ಡು ಪ್ರಿಂಟಿಗೆ ಹೋಗಬೇಕು. ಮಾಮಾ ಅದಾರೋ ಇಲ್ಲೋ, ಒಂದು ಹೇಳಿಬಿಡು,” ಎಂದು ಪಕ್ಕದಲ್ಲಿ ಕುಳಿತ ಇಂಚರಾ ಅವಸರ ಮಾಡಿದಳು.

ನೀಲಾಂಬಿಕಾ ತನ್ನ ಹಳೆಯ ಖಾತೆಯ ಸಂಖ್ಯೆ ಕೊಟ್ಟಳು. ಆ ಬ್ಯಾಂಕು ಇನ್ನೊಂದರಲ್ಲಿ ಲೀನವಾದಾಗಲೇ ಆ ಸಂಖ್ಯೆ ಸತ್ತಿತ್ತು. ಪರದೆಯ ಮೇಲೆ ಒಂದೇ ಸಾಲು ಮೇಲಿಂದ ಕೆಳಗಿನವರೆಗೂ ಬಂತು. ‘ನೀಲವ್ವಗ, ಪಂಚಮಿ ಉಂಡಿಗೆ.’ ಪ್ರತಿ ಶ್ರಾವಣದಲ್ಲೂ ಐನೂರು ರೂಪಾಯಿ, ಕಳೆದ ಶ್ರಾವಣದಲ್ಲೂ. ಅವಳನ್ನು ನೀಲವ್ವ ಎನ್ನುತ್ತಿದ್ದವನು ಅಣ್ಣನೊಬ್ಬನೇ. ಮರಳಿ ಬರುತ್ತದೆಂದು ಗೊತ್ತಿದ್ದೂ ಕಳಿಸಿದ್ದಾನಲ್ಲ ಎಂದು ಅವಳಿಗೆ ಅಳುವೇ ಬಂತು.

“ಹಂಗಾರ ಮಾಮಾ ಅದಾರ!” ಇಂಚರಾ ಎದ್ದೇ ನಿಂತಳು. “ಎಲ್ಲಿಂದ ಕಳಸ್ಯಾರ ನೋಡವ್ವಾ. ನಾನ ಹೋಗಿ ಕರಕೊಂಡು ಬರ್ತೀನಿ.”

ವಿಳಾಸಕ್ಕಾಗಿ ನೀಲಾಂಬಿಕಾ ಮೂಲ ಸಂದೇಶಗಳನ್ನು ತೆರೆದಳು. ಸೂಚಿಯಲ್ಲಿರುವುದು ನಿಯಮದ ಪ್ರಕಾರ ಸೋಸಿದ ಮಾಹಿತಿ. ಮೂಲದಲ್ಲಿ ಎಲ್ಲವೂ ಇದ್ದ ಹಾಗೇ ಇರುತ್ತದೆ. ಕಳಿಸಿದ ಖಾತೆ ಕಾರವಾರದಾಚೆಯ ಒಂದು ಬಂದರಿನ ಐಸ್ ಕಾರ್ಖಾನೆಯದು. ಅವಳ ಕಣ್ಣು ಮೊತ್ತದ ಖಾನೆಗೆ ಹೋಯಿತು. ಮೊದಲ ವರ್ಷಗಳಲ್ಲಿ ಐನೂರೊಂದು, ಐನೂರೊಂದು. ಆಮೇಲೆ ಒಂದು ಶ್ರಾವಣದಿಂದ ಈಚೆಗೆ ಬರೀ ಐನೂರು. ಅವಳು ಬೆರಳಿಟ್ಟು ಅದನ್ನು ಇಂಚರಾಳಿಗೆ ತೋರಿಸಿದಳು.

“ಒಂದು ಕೂಡಿಸೋದು ಮರತಿರಬೇಕು ಬಿಡವ್ವಾ.”

“ಅಂವ ಮರಿಯೋನಲ್ಲ. ಒಂದು ಕೂಡಿಸಿ ಕೊಡಬೇಕಂತ ನನಗ ಕಲಿಸಿದಾಂವನ ಅಂವ. ಸಾವಿನ ಮನೀಗೆ ಕೊಡುವಾಗಷ್ಟ ಒಂದು ಇಡಂಗಿಲ್ಲ.”

ಇಂಚರಾ ಮೆಲ್ಲಗೆ ಕೂತಳು.

“ಅಂದ್ರ ಈಗ ಕಳಸಾಕತ್ತವರು ಯಾರವ್ವಾ?”

ಅದೇ ಹೆಸರು, ಅದೇ ಸಾಲು, ಅದೇ ಹಬ್ಬ. ಕೈ ಮಾತ್ರ ಬೇರೆಯವರದು. ಯಾರೋ ಒಬ್ಬರು ಅಣ್ಣನ ಮಾತನ್ನು ಕಾಣದೂರಿನಲ್ಲಿ ಕೂತು ಆಡುತ್ತಿದ್ದರು. ಆದರೂ ಆಸೆ ಬಿಡಬೇಕಲ್ಲ! ಖಾತೆ ಸರಿಯಿದೆಯೇ ಎಂದು ನೋಡಲು ಎಲ್ಲರೂ ಮಾಡುವಂತೆ ಅವಳು ಆ ಖಾತೆಗೆ ಒಂದು ರೂಪಾಯಿ ಕಳಿಸಿದಳು. ಕಾರಣದ ಖಾನೆಯಲ್ಲಿ ‘ಚನ್ನಣ್ಣಗ. ನನ್ನ ಮಗಳ ಮದುವಿ ಐತಿ, ಬಾ’ ಎಂದು ಬರೆದಳು.

ಚಹಾ ಆರಿಹೋಯಿತು. ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಕೊನೆಗೆ ಫೋನು ಸದ್ದು ಮಾಡಿತು. ಒಂದು ರೂಪಾಯಿ ಮರಳಿ ಬಂದಿತ್ತು. ಈ ಬಾರಿ ಯಂತ್ರ ಮರಳಿಸಿದ್ದಲ್ಲ, ಯಾರೋ ಕೈಯಾರೆ ಕಳಿಸಿದ್ದು. ಜೊತೆಗೊಂದು ಸಾಲು: ‘ಈ ಒಂದು ನಮಗ ಬ್ಯಾಡ್ರಿ ಅಕ್ಕಾರ. ಪಂಚಮಿ ರೊಕ್ಕ ನಿಲ್ಲಿಸಬ್ಯಾಡ ಅಂತ ಅವರು ಹೇಳಿ ಹೋಗ್ಯಾರ, ಅದಕ್ಕ ಕಳಸ್ತೀನಿ.’ ಹೆಸರಿರಲಿಲ್ಲ.

ನೀಲಾಂಬಿಕಾ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, “ಕಾರ್ಡಿನ್ಯಾಗ ಅವನ ಹೆಸರು ಇರ್ಲಿ. ಮುಂದ ‘ಶ್ರೀ’ ಬ್ಯಾಡ, ‘ಲಿಂಗೈಕ್ಯ’ ಅಂತ ಹಾಕ್ಸು,” ಎಂದಳು. ಆ ಅಪರಿಚಿತರಿಗೆ ತನ್ನ ಹೊಸ ಖಾತೆಯ ಸಂಖ್ಯೆ ಬರೆದು ಕಳಿಸಿದಳು.

ಮರುದಿನ ಕೇಂದ್ರಕ್ಕೆ ಬಂದವಳೇ ತನ್ನ ನಿಯಮ ಅಳಿಸಿದಳು. ಮರುದನಿ ಸೂಚಿಯನ್ನು ಹೊಸದಾಗಿ ಬರೆದುಕೊಂಡಾಗ ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು. ಮೊದಲೆಲ್ಲ ಇದ್ದ ಕೊನೆಯ ‘ಒಂದು’ ಎಲ್ಲೋ ನಡುವೆ ಉದುರಿಹೋದ ಸಾಲುಗಳು ರಾಜ್ಯದ ಊರೂರಿನಿಂದ ಏಳುತ್ತಿದ್ದವು. ಇವು ಮರಳಿದವಲ್ಲ, ತಲುಪಿದವು. ದೀಪಾವಳಿಗೆ, ಹುಟ್ಟುಹಬ್ಬಕ್ಕೆ, ಮೊಮ್ಮಗಳ ಗೆಜ್ಜೆಗೆ. ಪಡೆದವರು ಸಂತೋಷದಿಂದ ಪಡೆದಿದ್ದರು, ಕಳಿಸಿದವರು ಚೆನ್ನಾಗಿದ್ದಾರೆಂದು ನಂಬಿದ್ದರು. ಅವರಿಗೆಲ್ಲ ತಿಳಿಸಬೇಕೇ ಎಂದು ಕೇಂದ್ರದಲ್ಲಿ ಇಂದಿಗೂ ಚರ್ಚೆ ನಡೆದಿದೆ.

ಶ್ರಾವಣ ಬಂತು. ಪಂಚಮಿಯ ಬೆಳಿಗ್ಗೆ ನೀಲಾಂಬಿಕಾಳ ಖಾತೆಗೆ ಮೊದಲ ಬಾರಿ ಐನೂರು ರೂಪಾಯಿ ತಲುಪಿತು. ಅವಳು ಉಂಡಿ ಕಟ್ಟುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡು ಅದನ್ನು ನೋಡಿದಳು. ಪಕ್ಕದಲ್ಲಿ ಇಂಚರಾ, ಬಹಳ ದಿನ ಮಾತಾಡಿಸದ ಗೆಳತಿಯೊಬ್ಬಳು ಹಬ್ಬಕ್ಕೆ ಕಳಿಸಿದ ಹಣದ ಸಂದೇಶ ತೆರೆದಿದ್ದಳು. ಕೊನೆಯ ಅಂಕಿಯನ್ನು ನೋಡಲು ಅವಳಿಗೆ ಹೆದರಿಕೆಯಾಯಿತು. ನೋಡದೆಯೇ ಗೆಳತಿಗೆ ಫೋನು ಮಾಡಿದಳು.