ಟೇಪಿಗೊಂದು ಕಿವಿ

ಎಂಜಿನ್ ಶುರು ಮಾಡಿ ಏಳನೇ ನಿಮಿಷಕ್ಕೆ ಜೋಸ್ಲಿನ್ ಎಂದಿನಂತೆ ಎಡಗೈ ಚಾಚಿದಳು. ಬೆರಳಿಗೆ ಡಬ್ಬಿ ಸಿಗಲಿಲ್ಲ.

ಸ್ಟೀರಿಯೊದ ಕೆಳಗೆ ಹದಿನಾಲ್ಕು ವರ್ಷದಿಂದ ಕೂತಿದ್ದ ಡಬ್ಬಿ ಅದು. ಸೋಪಿನ ಪೆಟ್ಟಿಗೆಯಷ್ಟು ಗಾತ್ರ, ಕಪ್ಪು ಬಣ್ಣ. ಉಪಗ್ರಹ ರೇಡಿಯೊದ ಟ್ಯೂನರ್. ಈಗ ಆ ಜಾಗದಲ್ಲಿ ಧೂಳಿನ ನಡುವೆ ಒಂದು ಚೊಕ್ಕ ಚೌಕ ಮಾತ್ರ ಉಳಿದಿತ್ತು.

ಅವಳು ಎಂಜಿನ್ ನಿಲ್ಲಿಸಿದಳು. ಬಾಗಿಲು ನೋಡಿದಳು. ಬೀಗ ಸರಿಯಾಗಿತ್ತು. ಗಾಜು ಒಡೆದಿರಲಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ತಂಪು ಕನ್ನಡಕ, ಜಪಮಣಿ, ಅರ್ಧ ಪೊಟ್ಟಣ ಶುಂಠಿ ಪೆಪ್ಪರ್‌ಮಿಂಟ್, ಎಲ್ಲವೂ ಇದ್ದಲ್ಲೇ ಇದ್ದವು. ಕಳ್ಳನಿಗೆ ಬೇಕಾದದ್ದು ಮಾತೇ ಆಡದ ಆ ಡಬ್ಬಿಯೊಂದು ಮಾತ್ರ.

ಎರಡು ಸಾವಿರದ ಇಪ್ಪತ್ತರ ಏಪ್ರಿಲ್. ಈಸ್ಟರಿನ ಪಾಸ್ಖ ಹಬ್ಬವೂ ಮನೆಯೊಳಗೇ ಮುಗಿದಿತ್ತು. ಮಲೇಷ್ಯಾದ ಪೆನಾಂಗ್ ದ್ವೀಪ ಕೊರೊನಾಕ್ಕೆ ಬಾಗಿಲು ಹಾಕಿಕೊಂಡು ಒಂದು ತಿಂಗಳಾಗಿತ್ತು. ಓಡದ ಕಾರಿನ ಬ್ಯಾಟರಿ ಸಾಯಬಾರದೆಂದು ಕಾಂಡೊ ಎಂದು ಇಲ್ಲಿ ಕರೆಯುವ ಅಪಾರ್ಟ್‌ಮೆಂಟಿನ ಜನ ವಾರಕ್ಕೊಮ್ಮೆ ಎರಡನೇ ಮಹಡಿಯ ಪಾರ್ಕಿಂಗಿಗೆ ಇಳಿದು ಹತ್ತು ನಿಮಿಷ ಎಂಜಿನ್ ಓಡಿಸುತ್ತಿದ್ದರು. ಜೋಸ್ಲಿನ್ ಮಾತ್ರ ದಿನವೂ ಇಳಿಯುತ್ತಿದ್ದಳು. ಹತ್ತು ನಿಮಿಷ ಎಂಜಿನ್ನಿಗೆ, ಉಳಿದ ಇಪ್ಪತ್ತು ತನಗೆ. ಮೇಲೆ ಮನೆಯಲ್ಲಿ ಒಂದು ಕೋಣೆ ಗಂಡ ಹೆರಾಲ್ಡನ ಮೀಟಿಂಗಿಗೆ, ಇನ್ನೊಂದು ಮಗಳು ಜೂಲಿಯ ಕ್ಲಾಸಿಗೆ. ಊಟದ ಮೇಜಿನ ಒಂದು ಮೂಲೆ ಇವಳಿಗೆ. ಅದೂ ಮಧ್ಯಾಹ್ನ ಹನ್ನೆರಡರವರೆಗೆ. ಕಾರಿನಲ್ಲಿ ಅವಳು ಏನೂ ಮಾಡುತ್ತಿರಲಿಲ್ಲ. ಏನು ಮಾಡುತ್ತಿದ್ದೀ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ.

ಪೆನಾಂಗಿಗೆ ಬಂದ ವರ್ಷ ಹೆರಾಲ್ಡ್ ಹಳೆಯ ಕಾರು ಕೊಂಡು ಅದಕ್ಕೆ ಈ ಟ್ಯೂನರ್ ಕೂಡಿಸಿದ್ದ. ಕಾರಿನ ಮಾಡಿನ ಮೇಲೆ ಅಣಬೆಯಂಥ ಆಂಟೆನಾ. ಸ್ಟೀರಿಯೊಗೆ ಹೊರಗಿನ ಸದ್ದು ತುಂಬಲು ತೂತೇ ಇರಲಿಲ್ಲ. ಹಾಗಾಗಿ ಅಂಗಡಿಯವನು ಡಬ್ಬಿಯ ಬೆನ್ನಿಗೆ ಒಂದು ಪುಟ್ಟ ತುಂಡು ಅಂಟಿಸಿದ. ಅದು ಡಬ್ಬಿಯ ಹಾಡನ್ನು ಗಾಳಿಯಲ್ಲೇ ಎಫ್.ಎಂ. 88.1ಕ್ಕೆ ದಾಟಿಸುತ್ತಿತ್ತು. ಸ್ಟೀರಿಯೊ ಅದನ್ನೂ ಒಂದು ಸ್ಟೇಷನ್ನೆಂದೇ ನಂಬಿ ಹಾಡುತ್ತಿತ್ತು. ಬಯಾನ್ ಲೆಪಾಸಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ಆಕಾಶದಿಂದ ಕನ್ನಡ ಹಾಡು. ಕೆಲವು ವರ್ಷಕ್ಕೆ ಆ ರೇಡಿಯೊ ಕಂಪನಿಯೇ ಮುಚ್ಚಿತು. ಡಬ್ಬಿ ಮೂಕವಾಯಿತು. ಆದರೂ ಕೀಲಿ ತಿರುಗಿಸಿದರೆ ಅದರ ನೀಲಿ ದೀಪ ಹತ್ತುತ್ತಿತ್ತು. ಅದರ ಮೇಲೆ ಕೈ ಇಟ್ಟು ಕೂರುವುದು ಜೋಸ್ಲಿನ್‌ಗೆ ಅಭ್ಯಾಸವಾಗಿತ್ತು.

ಅವಳು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದಳು. ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಹದಿಮೂರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು. ಎರಡು ವೈರುಗಳು ತೂಗುತ್ತಿದ್ದವು. ಕತ್ತರಿಸಿದ್ದಲ್ಲ, ಬಿಡಿಸಿದ್ದು. ಎರಡರ ತುದಿಗೂ ಹಳದಿ ಟೇಪು ಸುತ್ತಿ, ಕೊನೆಯನ್ನು ಚೂರು ಮಡಚಲಾಗಿತ್ತು. ಒಂದಕ್ಕೊಂದು ತಾಗಿ ಕಿಡಿ ಹಾರದಂತೆ ಜೋಪಾನ ಮಾಡಿಟ್ಟ ಕೆಲಸ.

ಇಷ್ಟು ಒಳ್ಳೆಯ ಕಳ್ಳನನ್ನು ಅವಳು ಕಂಡಿರಲಿಲ್ಲ.

*

ವಿಷಯವನ್ನು ಮನೆಯೊಳಗೇ ಇಡೋಣ ಎಂದಳು. ಅಷ್ಟರಲ್ಲಿ ಹೆರಾಲ್ಡ್ ಕಾಂಡೊದ ವಾಟ್ಸ್ಯಾಪ್ ಗುಂಪಿಗೆ ಹಾಕಿಯಾಗಿತ್ತು. ನಲವತ್ತು ಜನ ಆಶ್ಚರ್ಯಪಟ್ಟರು. ಏಳನೇ ಮಹಡಿಯ ಸೂಸನ್ ಒಂದು ಅಳುಮುಖ ಕಳಿಸಿದಳು. ಅದೇ ಕಾರ್ಖಾನೆಯ ರಿಪೇರಿ ಮೇಜಿನಲ್ಲಿ ಕೆಲಸ ಮಾಡುವವಳು, ಚರ್ಚಿನಲ್ಲೂ ಜೋಸ್ಲಿನ್ ಪಕ್ಕ ನಿಲ್ಲುವವಳು.

ಹತ್ತು ನಿಮಿಷಕ್ಕೆ ಕಮಿಟಿಯ ಕಾರ್ಯದರ್ಶಿ ದೇವೇಂದ್ರ ಫೋನ್ ಮಾಡಿದರು. ಧಾರವಾಡದ ಕಡೆಯವರು.

“ನೋಡ್ರಿ ಮೇಡಮ್ಮರ, ಕಳವು ಅಂದಮ್ಯಾಲೆ ನಾವು ಸುಮ್ನ ಕೂಡಾಕ ಆಗೂದಿಲ್ಲ. ಶುಕ್ರವಾರ ಸಂಜಿ ಐದಕ್ಕ ಮೀಟಿಂಗ್ ಐತಿ. ಅಷ್ಟ್ರಾಗ ಏನೂ ಗೊತ್ತಾಗ್ಲಿಲ್ಲಂದ್ರ ಪಾರ್ಕಿಂಗಿಗೆ ಬೀಗ. ಐತವಾರ ಒಂದ್ ತಾಸು ಗಾರ್ಡ್ ಜೋಡಿ ಇಳೀರಿ, ಎಂಜಿನ್ ಹಚ್ರಿ, ಬರ್ರಿ.”

ಗಾರ್ಡ್ ಜೊತೆ ಒಂದು ತಾಸು. ಜೋಸ್ಲಿನ್‌ಗೆ ಡಬ್ಬಿ ಹೋದದ್ದಕ್ಕಿಂತ ಇದು ದೊಡ್ಡ ಕಳವು ಅನ್ನಿಸಿತು. ಅಂದು ಬುಧವಾರ. ಅವಳ ಅರ್ಧ ಗಂಟೆಗೆ ಇನ್ನು ಎರಡೂವರೆ ದಿನ ಆಯುಷ್ಯ.

“ಆ ದೇವೇಂದ್ರನೇ ತೆಗೆದಿರಬಹುದು,” ಎಂದ ಹೆರಾಲ್ಡ್. “ಹಳೇ ರೇಡಿಯೊ ಸೇರಿಸಿಡುವ ಹುಚ್ಚು ಉಂಟು ಅವರಿಗೆ. ಎರಡು ಸಲ ಕೇಳಿದ್ರು ನನ್ನ ಹತ್ರ.”

ಜೋಸ್ಲಿನ್ ಮತ್ತೆ ಕೆಳಗಿಳಿದು ಕಾರಿನ ಮಾಡು ನೋಡಿದಳು. ಅಣಬೆ ಆಂಟೆನಾ ಧೂಳು ಹೊದ್ದು ಹಾಗೇ ಕೂತಿತ್ತು. ವಸ್ತುಸಂಗ್ರಹದ ಹುಚ್ಚಿನವರು ಡಬ್ಬಿ ಒಯ್ದು ಆಂಟೆನಾ ಬಿಡುತ್ತಾರೆಯೇ? ಕೊಡೆ ಕದ್ದು ಹಿಡಿ ಬಿಟ್ಟಂತೆ. ದೇವೇಂದ್ರ ಅಲ್ಲ.

ಕೆಳಗೆ ಗಾರ್ಡ್ ಗುರುಂಗ್ ಜ್ವರ ನೋಡಿ ಬರೆದಿಡುವ ಪುಸ್ತಕ ತೋರಿಸಿ ಒಂದು ಹೆಸರು ಹೇಳಿದ. ಹನ್ನೊಂದನೇ ಮಹಡಿಯ ಕಾರ್ತಿಕೇಯ. ಬೆಂಗಳೂರಿನವನು, ಇಲ್ಲಿ ಇಂಜಿನಿಯರಿಂಗ್ ಓದುತ್ತ ಸಿಕ್ಕಿಬಿದ್ದವನು. ಮಂಗಳವಾರ ಸಂಜೆ ಸ್ಕ್ರೂ ಡ್ರೈವರ್ ಹಿಡಿದು ಇಳಿದಿದ್ದನಂತೆ.

ಕಾರ್ತಿಕೇಯ ಮುಚ್ಚಿಡಲಿಲ್ಲ. ತನ್ನ ಸ್ಕೂಟರಿನ ಹಾರ್ನ್ ಸರಿ ಮಾಡಲು ಹೋಗಿದ್ದೆ ಎಂದ. ಬೇಕಿದ್ದರೆ ತೋರಿಸುತ್ತೇನೆ ಎಂದು ಅಲ್ಲಿಗೇ ಕರೆದುಕೊಂಡು ಹೋದ. ಹಾರ್ನಿನ ವೈರುಗಳಿಗೆ ಕಪ್ಪು ಟೇಪನ್ನು ಕಾಲು ಮುರಿದವರ ಬ್ಯಾಂಡೇಜಿನಂತೆ ಸುತ್ತಿದ್ದ. ಒತ್ತಿದರೆ ಹಾರ್ನ್ ಬದಲು ಸಿಗ್ನಲ್ ದೀಪ ಹತ್ತಿತು.

“ಆಂಟಿ, ಥಿಯರಿ ಚೆನ್ನಾಗಿದೆ ನಂದು,” ಎಂದ ಅವನು ತಲೆ ತಗ್ಗಿಸಿ.

ಈ ಕೈ ಆ ಟೇಪು ಸುತ್ತಲು ಸಾಧ್ಯವೇ ಇಲ್ಲ. ಜೋಸ್ಲಿನ್ ನಗು ತಡೆದುಕೊಂಡು ಮೇಲೆ ಬಂದಳು.

*

ಗುರುವಾರ ಮಧ್ಯಾಹ್ನ ಮೂರಕ್ಕೆ, ಹೆರಾಲ್ಡ್ ಮೀಟಿಂಗಿನಲ್ಲಿದ್ದಾಗ, ಅವಳು ಅಪರೂಪಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಕಾರಿಗೆ ಬಂದಳು. ಪಾರ್ಕಿಂಗಿನಲ್ಲಿ ಯಾರೂ ಕಾಣಲಿಲ್ಲ. ಕೀಲಿ ಅರ್ಧ ತಿರುಗಿಸಿದಳು. ಸ್ಟೀರಿಯೊ ಹತ್ತಿತು. ಬೆರಳು ತಾನಾಗಿ 88.1 ಒತ್ತಿತು. ಅಲ್ಲಿ ವರ್ಷಗಳಿಂದ ಬರೀ ಗೊರಗೊರ.

ಇಂದು ಒಬ್ಬಳು ಹೆಂಗಸು ಹಾಡುತ್ತಿದ್ದಳು.

ಜೋಸ್ಲಿನ್ ಸದ್ದು ಹೆಚ್ಚಿಸಿದಳು. ಸತ್ತ ಡಬ್ಬಿ ಎಲ್ಲೋ ಬದುಕಿದೆ. ಹಾಡು ನಡುವೆ ನಿಂತಿತು. ಮತ್ತೆ ಮೊದಲಿನಿಂದ ಬಂತು. ಮೂರನೆಯ ಸಾಲಿನ ಕೊನೆಗೆ ಉಸಿರು ಸಾಲದೆ ಸ್ವರ ಕುಂಟಿತು. ಮತ್ತೆ ನಿಂತಿತು. ಯಾರೋ ತಮ್ಮದೇ ಹಾಡನ್ನು ಮೊಬೈಲಿನಲ್ಲಿ ತುಂಬಿಕೊಂಡು, ಹಾಕಿ ಹಾಕಿ ಕೇಳುತ್ತಿದ್ದರು. ಒಂದು ರೆಕಾರ್ಡಿಂಗ್ ಮುಗಿದು ಇನ್ನೊಂದು ಶುರುವಾಯಿತು. ಇದು ಹೊಸದಿರಬೇಕು. ಈ ಸಲ ಮೂರನೆಯ ಸಾಲು ಕುಂಟಲಿಲ್ಲ. ತೆಳುವಾದ, ಸ್ವಲ್ಪ ನಡುಗುವ, ಆದರೆ ಶ್ರುತಿ ಬಿಡದ ಸ್ವರ.

ಹಾಡು ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ತಿಂಗಳಿಗೊಮ್ಮೆ ಚರ್ಚಿನಲ್ಲಿ ಮಂಗಳೂರಿನವರೆಲ್ಲ ಸೇರುವ ಕೊಂಕಣಿ ಪೂಜೆಯಲ್ಲಿ ಜೋಸ್ಲಿನ್ ಒಬ್ಬಳೇ ಮುಂದೆ ನಿಂತು ಹಾಡುವ ಕೀರ್ತನೆ ಅದು. ಈ ದ್ವೀಪದಲ್ಲಿ ಅದನ್ನು ಬಲ್ಲವರು ಗಾಯನ ತಂಡದ ಹದಿನಾಲ್ಕು ಜನ ಮಾತ್ರ. ಅವರಲ್ಲಿ ಯಾರಿರಬಹುದು? ಕಣ್ಣು ಮುಚ್ಚಿ ಒಂದೊಂದೇ ಸ್ವರ ನೆನೆದಳು. ಯಾರದ್ದೂ ಅಲ್ಲ.

ಆ ತುಂಡಿನ ಶಕ್ತಿ ನಾಲ್ಕೈದು ಕಾರು ದೂರಕ್ಕಿಂತ ಹೆಚ್ಚಿಲ್ಲ. ಹಾಡುವವಳು ಇಲ್ಲೇ ಇದ್ದಳು. ಆದರೆ ರೇಡಿಯೊದಲ್ಲಿ ಬಂದ ಸ್ವರಕ್ಕೆ ದಿಕ್ಕಿಲ್ಲ. ಸುತ್ತಲೂ ಬಿಸಿಲಿಗೆ ಬೆಳ್ಳಿಯ ಪರದೆ ಇಟ್ಟುಕೊಂಡ ಕಾರುಗಳ ಸಾಲು. ಇಳಿದು ಹುಡುಕಬಹುದಿತ್ತು. ಏಕೋ ಅವಳಿಗೆ ಮನಸ್ಸಾಗಲಿಲ್ಲ. ತಾನು ಕಣ್ಣು ಮುಚ್ಚಿ ಕೂತಾಗ ಯಾರಾದರೂ ಗಾಜು ತಟ್ಟಿದರೆ ಹೇಗಾದೀತು?

*

ಸಂಜೆ ಅಡುಗೆಮನೆಯಲ್ಲಿ ಅವಳು ಅರ್ಧ ಉಳಿದ ಚಕ್ಕುಲಿ ಪೊಟ್ಟಣದ ಬಾಯಿಗೆ ಟೇಪು ಹಚ್ಚುತ್ತಿದ್ದಳು. ಫ್ರಿಜ್ಜಿನ ಬಾಗಿಲು ತೆರೆದು ನಿಂತ ಜೂಲಿ ಅದನ್ನು ನೋಡಿ, ಈ ಊರಿನ ‘ಲಾ’ ಹಚ್ಚಿದ ಇಂಗ್ಲಿಷಿನಲ್ಲಿ ಕೇಳಿದಳು.

“ಮಮ್ಮಿ, ವೈ ಡು ಯು ಆಲ್ವೇಸ್ ಫೋಲ್ಡ್ ದ ಟೇಪ್? ನೋಬಡಿ ಎಲ್ಸ್ ಡಸ್ ದಟ್ ಲಾ.”

“ಎಲ್ಲರೂ ಮಾಡ್ತಾರೆ.”

“ನೋ. ಓನ್ಲಿ ಯು.”

ಜೋಸ್ಲಿನ್ ಕೈ ನಿಂತಿತು. ಟೇಪಿನ ಕೊನೆಯನ್ನು ಚೂರು ಮಡಚಿದ ಪುಟ್ಟ ಕಿವಿ. ಕೈಗವಸು ಹಾಕಿದ ಬೆರಳಿಗೆ ಟೇಪಿನ ತುದಿ ಸಿಗುವುದಿಲ್ಲ. ಆದ್ದರಿಂದ ಮುಂದೆ ಬಿಚ್ಚುವವರಿಗೆ ಹಿಡಿಯಲು ಒಂದು ಕಿವಿ ಬಿಡಬೇಕು. ಕಾರ್ಖಾನೆ ಸೇರಿದ ಮೊದಲ ದಿನದ ಪಾಠ. ಹದಿಮೂರು ವರ್ಷ ದಿನವೂ ನೋಡಿದ್ದರಿಂದ, ತನ್ನ ಕಾರಿನ ವೈರಿನಲ್ಲಿ ಅದನ್ನು ಕಂಡೂ ಅವಳು ಕಂಡಿರಲಿಲ್ಲ. ತೂಗುವ ವೈರು ಅವಳಿಗೆ ಬೇರೆಯಾಗಿ ಕಂಡಿತ್ತು, ಕಿವಿ ಮಾತ್ರ ತನ್ನ ಕೈಯದೇ ಎಂಬಷ್ಟು ಸಹಜವಾಗಿತ್ತು.

ಕಳ್ಳ ಕಾರ್ಖಾನೆಯವರು. ಮುಂದೊಂದು ದಿನ ಈ ವೈರನ್ನು ಮತ್ತೆ ಬಿಚ್ಚಿ ಜೋಡಿಸಬೇಕು ಎಂದುಕೊಂಡವರು. ಅಂದರೆ ಡಬ್ಬಿ ಹಿಂದಿರುಗಿಸುವವರು.

ಬೀಗ ಒಡೆಯದೆ ಒಳಗೆ ಬಂದದ್ದು? ಕ್ರಿಸ್ಮಸಿಗೆ ಮಂಗಳೂರಿಗೆ ಹೋಗಿ ಮೂರು ವಾರ ಬಿಟ್ಟು ಬಂದಾಗಲೂ ಕಾರು ಮೊದಲ ತಿರುವಿಗೇ ಶುರುವಾಗಿತ್ತು. ಯಾಕೆ? ಆಗ ವಾರವಾರ ಎಂಜಿನ್ ಓಡಿಸಲು ಒಬ್ಬರ ಕೈಗೆ ಇನ್ನೊಂದು ಕೀಲಿ ಕೊಟ್ಟಿದ್ದರು. ಅದನ್ನು ವಾಪಸು ಕೇಳಲು ಗಂಡ ಹೆಂಡತಿ ಇಬ್ಬರಿಗೂ ಮರೆತಿತ್ತು.

ಇನ್ನು ಆ ಸ್ವರ. ಹದಿನಾಲ್ಕು ಜನರಲ್ಲಿ ಹದಿಮೂರು ಸ್ವರ ಅವಳಿಗೆ ಗೊತ್ತು. ಒಬ್ಬಳ ಪಕ್ಕದಲ್ಲೇ ಆರು ವರ್ಷ ನಿಂತಿದ್ದಳು, ಅವಳ ಸ್ವರ ಮಾತ್ರ ಎಂದೂ ಕೇಳಿರಲಿಲ್ಲ.

*

ಶುಕ್ರವಾರ ಮೂರು ಗಂಟೆಗೆ ಕಂಬದ ಆಚೆಯ, ಸೂಸನ್‌ಳ ಬೂದು ಕಾರಿನಿಂದ ಎರಡು ಮಾರು ದೂರ ನಿಂತು ಜೋಸ್ಲಿನ್ ಕಾದಳು. ಸೂಸನ್ ಕಸದ ಚೀಲ ಹಿಡಿದು ಲಿಫ್ಟಿನಿಂದ ಹೊರಬಂದಳು. ಇವಳನ್ನು ಕಂಡದ್ದೇ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡಳು.

“ಡಬ್ಬಿ ಸರಿ ಉಂಟಾ ಸೂಸನ್?”

ಸೂಸನ್ ಚೀಲವನ್ನು ಇನ್ನೊಂದು ಕೈಗೆ ದಾಟಿಸಿದಳು. ಆಮೇಲೆ, “ನೀಲಿ ದೀಪ ಉರೀತಿದೆ ಅಕ್ಕ,” ಎಂದಳು.

ಜೋಸ್ಲಿನ್ ಒಂದೊಂದೇ ಬಿಡಿಸಿ ಹೇಳಿದಳು. ಆಂಟೆನಾ ಬಿಟ್ಟುಹೋದವರಿಗೆ ಉಪಗ್ರಹದ ರೇಡಿಯೊ ಬೇಕಿರಲಿಲ್ಲ. ಆ ಡಬ್ಬಿಯಲ್ಲಿ ಈಗಲೂ ಕೆಲಸಕ್ಕೆ ಬರುವುದು ಬೆನ್ನಿನ ತುಂಡೊಂದೇ. ಹಳೆಯ ಸ್ಟೀರಿಯೊ ಇರುವ ಕಾರಿನಲ್ಲಿ ಮೊಬೈಲಿನ ಸದ್ದು ಕೇಳಬೇಕಾದವರಿಗೆ ಅದು ಬೇಕು. ಅಂಗಡಿಗಳು ಮುಚ್ಚಿವೆ. ಕೀಲಿ ಕೈಯಲ್ಲಿತ್ತು. ಮತ್ತೆ ಟೇಪಿನ ಕಿವಿ. ರೇಡಿಯೊದಲ್ಲಿ ಕೇಳಿದ ಹಾಡಿನ ಸುದ್ದಿ ಮಾತ್ರ ಎತ್ತಲಿಲ್ಲ.

“ಕಿವಿ,” ಎಂದು ಸೂಸನ್ ಹಣೆ ಬಡಿದುಕೊಂಡಳು. “ಕದಿಯೋವಾಗ್ಲೂ ಕ್ವಾಲಿಟಿ ನೋಡಿದ್ನಲ್ಲಾ ನಾನು.”

ಇಬ್ಬರಿಗೂ ನಗು ಬಂತು. ಮಾಸ್ಕಿನೊಳಗೆ ನಕ್ಕು ಸುಸ್ತಾದರು.

“ಕೇಳಿದ್ರೆ ಕೊಡ್ತಿದ್ದೆ ಮಾರಾಯ್ತಿ. ಹಾಳು ಡಬ್ಬಿ.”

“ಯಾಕೆ ಅಂತ ಕೇಳ್ತಿದ್ರಿ.”

“ಹೇಳ್ಬಹುದಿತ್ತಲ್ಲ.”

ಸೂಸನ್ ಕಸದ ಚೀಲದ ಗಂಟು ಬಿಗಿ ಮಾಡಿದಳು. ಅವಳು ಮೈಸೂರಿನವಳು, ಆಡ್ರಿಯನ್‌ನನ್ನು ಮದುವೆಯಾಗಿ ಕೊಂಕಣಿ ಕಲಿತವಳು.

“ಆರು ವರ್ಷದ ಹಿಂದೆ, ಪಾಸ್ಖದ ರಿಹರ್ಸಲ್ಲು. ನಾನು ಹೊಸಬಳು. ಪಕ್ಕದಲ್ಲಿದ್ದೋರು ಒಬ್ರು ಕಿವೀಲಿ ಹೇಳಿದ್ರು, ಸೂಸನ್, ನೀನು ಬಾಯಿ ಆಡಿಸಿದ್ರೆ ಸಾಕು, ಸ್ವರ ನಾವು ಕೊಡ್ತೇವೆ ಅಂತ. ಎಲ್ರೂ ನಕ್ಕರು. ನಾನೂ ನಕ್ಕೆ. ಆವತ್ತಿಂದ ಬರೀ ಬಾಯಿ ಆಡಿಸ್ತಿದೀನಿ. ಈಗ ಚರ್ಚು ಮುಚ್ಚಿದೆ, ಕೇಳೋರಿಲ್ಲ. ಹಾಡಿ ನೋಡೋಣ ಅನ್ನಿಸ್ತು. ಮನೇಲಿ ಆಡ್ರಿಯನ್ ಇರ್ತಾರೆ. ಮೊಬೈಲಲ್ಲಿ ಕೇಳಿದ್ರೆ ಸೊಳ್ಳೆ ಹಾಡ್ದಂಗಿರತ್ತೆ. ಕಾರಲ್ಲಾದ್ರೆ ತಪ್ಪು ಗೊತ್ತಾಗತ್ತೆ ಅಕ್ಕ.”

ಆ ಒಬ್ಬರು ಯಾರು ಎಂದು ಜೋಸ್ಲಿನ್ ಕೇಳಲಿಲ್ಲ. ಆರು ವರ್ಷದಿಂದ ಸೂಸನ್ ಪಕ್ಕ ನಿಂತವರು ಒಬ್ಬರೇ. ಆ ಮಾತು ಅವಳಿಗೆ ನೆನಪೇ ಇರಲಿಲ್ಲ. ಮೂರು ದಿನ ಕಳ್ಳನನ್ನು ಹುಡುಕಿದವಳಿಗೆ, ಆರು ವರ್ಷ ಹಿಂದೆ ಒಬ್ಬಳ ಸ್ವರವನ್ನೇ ಎತ್ತಿಕೊಂಡು ಹೋದವಳು ಸಿಕ್ಕಿದ್ದಳು. ಯಾವ ಗಾಜೂ ಒಡೆಯದೆ.

“ಬಿಚ್ಚಿ ಕೊಡ್ಲಾ ಅಕ್ಕ? ಐದಕ್ಕೆ ಮೀಟಿಂಗಲ್ವಾ?”

“ಅಲ್ಲೇ ಇರ್ಲಿ,” ಎಂದಳು ಜೋಸ್ಲಿನ್. “ಕೀಲಿ ಮಾತ್ರ ಕೊಡು. ಇನ್ನೊಮ್ಮೆ ಕದಿಯುವುದಾದ್ರೆ ಕೇಳಿ ಕದಿ.”

*

ಐದಕ್ಕೆ ಐದು ನಿಮಿಷ ಇರುವಾಗ ಅವಳು ದೇವೇಂದ್ರರಿಗೆ ಫೋನ್ ಮಾಡಿದಳು. ಡಬ್ಬಿಯನ್ನು ಯಾರಿಗೋ ಉಪಯೋಗಕ್ಕೆ ಕೊಟ್ಟಿದ್ದೆ, ಲಾಕ್‌ಡೌನಿನ ಗಡಿಬಿಡಿಯಲ್ಲಿ ಪೂರ್ತಿ ಮರೆತಿತ್ತು, ಕ್ಷಮಿಸಬೇಕು ಎಂದಳು. ಶುಕ್ರವಾರ ಮೂರೂ ಕಾಲಿಗೆ ಕೊಟ್ಟದ್ದು ಎಂದು ಬಿಡಿಸಿ ಹೇಳಲಿಲ್ಲ.

“ಏನ್ರಿ ಮೇಡಮ್ಮರ, ಇಡೀ ಕಾಂಡೊಕ್ಕ ಕಳ್ಳನ್ನ ಹುಡುಕಾಕ ಹಚ್ಚಿದ್ರಿ,” ಎಂದು ಅವರು ಜೋರಾಗಿ ನಕ್ಕರು. ಪಾರ್ಕಿಂಗಿಗೆ ಬೀಗ ಬೀಳಲಿಲ್ಲ. ವಾಟ್ಸ್ಯಾಪಿನಲ್ಲಿ ನಲವತ್ತು ಜನ ಜೋಸ್ಲಿನ್‌ಗೆ ಬಾದಾಮಿ ತಿನ್ನಲು ಹೇಳಿದರು. ಹೆರಾಲ್ಡ್ ವಾರವಿಡೀ ರೇಗಿಸಿದ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕಾರಿನಲ್ಲಿ ಕೂತಳು. ಎಂಜಿನ್ನಿಗೆ ಹತ್ತು ನಿಮಿಷ ಕೊಟ್ಟಳು. ಕೈ ಅಭ್ಯಾಸದಂತೆ ಚಾಚಿ, ಧೂಳಿನ ಚೌಕ ಮುಟ್ಟಿ ಹಿಂದೆ ಬಂತು. ಆಮೇಲೆ ಸ್ಟೀರಿಯೊದಲ್ಲಿ 88.1ರ ಗುರುತು ಅಳಿಸಿ, ಅಲ್ಲಿಗೆ ಸುದ್ದಿ ಸ್ಟೇಷನ್ನೊಂದನ್ನು ಕೂರಿಸಿದಳು. ಮೂರು ಗಂಟೆಯ ಹಾಡು ಸೂಸನ್‌ಳದ್ದು. ಅದು ಕಂಬ ದಾಟಿ ಬರುತ್ತದೆಂದು ಅವಳಿಗೆ ಗೊತ್ತಾಗುವುದು ಬೇಡ. ಕೇಳುವವರು ಕೇಳದಿದ್ದರೆ ಆಯಿತು.

ಚರ್ಚು ಎಂದಾದರೂ ತೆರೆಯಲೇಬೇಕು. ತೆರೆದ ಮೇಲೆ ಮೊದಲ ಕೊಂಕಣಿ ಪೂಜೆ ಬರುತ್ತದೆ. ಕೀರ್ತನೆಗೆ ಎಲ್ಲರೂ ತನ್ನತ್ತ ನೋಡುತ್ತಾರೆ. ಆ ಬೆಳಿಗ್ಗೆ ತನ್ನ ಗಂಟಲು ಕಟ್ಟಿರುತ್ತದೆ. ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿಕೊಂಡು, ಎರಡು ಸಲ ಕೆಮ್ಮಿ, ಪಕ್ಕದವಳ ಕೈಗೆ ಹಾಡಿನ ಪುಸ್ತಕ ದಾಟಿಸಬೇಕು. ಮೂರನೆಯ ಸಾಲಿನ ಉಸಿರಿನ ಬಗ್ಗೆ ಏನೂ ಹೇಳಬೇಕಾಗಿಲ್ಲ, ಅದು ಈಗಾಗಲೇ ಸರಿಯಾಗಿದೆ.

ಅವಳು ಒಂದು ಶುಂಠಿ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಕಾರಿನ ಬಾಗಿಲು ಹಾಕಿದಳು. ಮೇಲೆ ಹೋದಾಗ ಹೆರಾಲ್ಡ್, “ಏನು ಜೋಸ್ಸಿ, ಒಬ್ಬಳೇ ನಗ್ತಾ ಇದ್ದೀ?” ಎಂದು ಕೇಳಿದ.

ಬ್ಯಾಟರಿ ಚೆನ್ನಾಗಿದೆ ಎಂದು ಹೇಳಿ ಅವಳು ಚಹಾಕ್ಕೆ ನೀರಿಟ್ಟಳು.